ಪರದೆ ಅಂಗಡಿಯವನ ವಿದೇಶ ಸಂಬಂಧ

ಈ ಪ್ರಕರಣದಲ್ಲಿ ನನಗಾದ ನಷ್ಟ: ದೋಹಾದಲ್ಲಿ ಬೆವರು ಸುರಿಸಿ ಕಟ್ಟಿದ ಪ್ರತಿಷ್ಠೆ ಪೂರ್ತಿ. ಕಾರಣ: ಗಿರಾಕಿಗೆ ‘ಇಲ್ಲ’ ಎನ್ನಬಾರದೆಂಬ ನನ್ನ ವ್ಯಾಪಾರಧರ್ಮ.

ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ ನನ್ನದು ಕಿಟಕಿ ಪರದೆಯ ಅಂಗಡಿ. ಉಡುಪಿಯಲ್ಲಿರುವ ತಂಗಿಯ ಮಗಳು ಪ್ರೀತಿಗೆ ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಆದರೆ ಸೇರುವ ಮೊದಲು ಭದ್ರತಾ ಪರಿಶೀಲನೆ. ವಿದೇಶದಲ್ಲಿರುವ ಮಾಮನನ್ನೂ ವಿಚಾರಿಸುತ್ತಾರಂತೆ.

“ವಿಚಾರಿಸಲಿ! ನನ್ನ ಇನ್‌ಫ್ಲುಯೆನ್ಸ್ ನೋಡಿ ನಾಳೆಯೇ ಆರ್ಡರ್ ಕೊಡ್ತಾರೆ” ಎಂದೆ.

ಅಧಿಕಾರಿ ಫೋನ್ ಮಾಡಿದರು. “ನಿಮಗೆ ವಿದೇಶಿಯರ ಪರಿಚಯ ಇದೆಯೇ?”

“ಯಾವ ದೇಶದ್ದು ಬೇಕು ಸಾರ್?”

“ಚೀನಾ?”

“ಉಂಟು ಸಾರ್. ಪರದೆ ರಾಡ್ ಕಳಿಸುವವನು, ನನಗೆ ಒಡಹುಟ್ಟಿದ ತಮ್ಮನ ಹಾಗೆ.”

“ಇರಾನ್?”

“ಪಕ್ಕದ ಅಂಗಡಿಯವನು, ಅಣ್ಣನ ಹಾಗೆ!”

“ವಿದೇಶಿ ಸರ್ಕಾರದವರು?”

“ಎಂತ ಕೇಳ್ತೀರಿ ಸಾರ್! ದೊಡ್ಡ ದೊಡ್ಡ ಅಧಿಕಾರಿಗಳ ಬೆಡ್‌ರೂಮಿನವರೆಗೆ ಹೋಗಿ ಬರುವವನು ನಾನು!”

ಆ ಕಡೆ ತುಂಬಾ ಹೊತ್ತು ಏನನ್ನೋ ಬರೆದುಕೊಳ್ಳುವ ಸದ್ದು ಕೇಳಿಸಿತು. ಮಾಲು ಹಿಡಿಸಿತು ಎಂದುಕೊಂಡೆ.

ಮುಂದಿನ ವಾರ ಪ್ರೀತಿಯ ಫೋನ್, ಅಳು ಸಮೇತ. “ಮಾಮ, ನನ್ನ ಆರ್ಡರ್ ತಡೆ ಹಿಡಿದಿದ್ದಾರೆ. ನೀವು ಅವರ ಹತ್ರ ಎಂತ ಹೇಳಿದ್ದು?”

ನನ್ನ ಮೈ ಉರಿಯಿತು. ಪರಿಚಯ ಇರುವುದು ಅಪರಾಧವೇ? ಈ ಊರಲ್ಲಿ ನನ್ನ ಟೈಲರ್ ವಿದೇಶಿ, ಕ್ಷೌರಿಕ ವಿದೇಶಿ, ಖುಬ್ಬೂಸ್ ರೊಟ್ಟಿ ಸುಡುವವನೂ ವಿದೇಶಿ. ವಿದೇಶಿಯರ ಸಹವಾಸ ಬೇಡವೆಂದರೆ ನಾನು ಒಂಟೆಯ ಹತ್ತಿರ ಮಾತಾಡಬೇಕೇ? ಅದೂ ವಿದೇಶಿಯೇ!

“ಊರಿನವರ ಕಿಟಕಿಯೆಲ್ಲ ಮುಚ್ತೀರಿ, ನಿಮ್ಮ ಬಾಯಿ ಮಾತ್ರ ಮುಚ್ಲಿಕ್ಕೆ ಆಗುದಿಲ್ಲ” ಎಂದಳು ನನ್ನ ಹೆಂಡತಿ ಗ್ರೇಸಿ. “ಆ ಹುಡುಗಿ ಹಗಲು ರಾತ್ರಿ ಓದಿದ್ದು ನಿಮ್ಮ ಬಡಾಯಿಗೆ ಹೋಗ್ಬೇಕಾ?”

ಅಧಿಕಾರಿಯ ಎರಡನೆಯ ಫೋನ್ ಬಂತು. ಈ ಸಲ ಗ್ರೇಸಿ ಪಕ್ಕದಲ್ಲೇ ಕಾವಲು ಕುಳಿತಳು.

“ನಿಮ್ಮ ಚೀನಾದ ತಮ್ಮನ ಪೂರ್ತಿ ಹೆಸರು?”

ಮೊಬೈಲ್ ತೆಗೆದು ನೋಡಿದೆ. ‘ಚೀನಾ ರಾಡ್’ ಎಂದಿತ್ತು.

“ಇರಾನಿನ ಅಣ್ಣನ ಮನೆಗೆ ಹೋಗಿದ್ದೀರಾ?”

“ಇಲ್ಲ ಸಾರ್. ಅವನು ಚಾ ಕುಡಿಸ್ತೇನೆ ಅಂತ ಯಾವಾಗಲೂ ಹೇಳ್ತಾನೆ.”

“ಕುಡಿಸಿದ್ದಾನೆಯೇ?”

“ಇಲ್ಲ ಸಾರ್.”

“ಆ ಬೆಡ್‌ರೂಮುಗಳು?”

“ಅಳತೆ ತೆಗೀಲಿಕ್ಕೆ, ಸಾರ್. ಆ ಮನೆಯ ಡ್ರೈವರ್ ಕಾಯ್ತಾ ನಿಲ್ತಾನೆ. ಟೇಪ್ ಮಡಚಿದ ಕೂಡಲೇ ‘ಯಲ್ಲಾ, ಖಲಾಸ್’ ಅಂತ ಹಿಂದಿನ ಬಾಗಿಲಿಂದ ಕಳಿಸ್ತಾನೆ.”

“ಅಂದರೆ ನಿಮಗೆ ಅಲ್ಲಿ ಹತ್ತಿರದವರು ಯಾರೂ ಇಲ್ಲ?”

ಗ್ರೇಸಿ ನನ್ನನ್ನೇ ದುರುಗುಟ್ಟಿ ನೋಡಿದಳು. “ಇಲ್ಲ ಸಾರ್.”

ಪ್ರೀತಿಗೆ ಆರ್ಡರ್ ಬಂತು! “ಥ್ಯಾಂಕ್ಸ್ ಮಾಮ! ನಿಮಗೆ ಯಾರ ಗುರ್ತವೂ ಇಲ್ಲ ಅಂತ ಅವರಿಗೆ ಖಾತ್ರಿ ಆಯ್ತಂತೆ!” ಎಂದು ಕುಣಿದಾಡಿದಳು. ಇದು ಅಭಿನಂದನೆಯೋ ಅವಮಾನವೋ, ನೀವೇ ಹೇಳಿ!

ಆದ್ದರಿಂದ ಓದುಗರೇ, ನಿಮ್ಮ ಮನೆಯ ಮಕ್ಕಳಿಗೂ ಇಂಥ ಕೆಲಸ ಸಿಕ್ಕಿ ನಿಮಗೆ ಫೋನ್ ಬಂದರೆ ಅದನ್ನು ವ್ಯಾಪಾರ ಎಂದುಕೊಳ್ಳಬೇಡಿ. ಇದ್ದವರನ್ನು ಮುಚ್ಚಿಡಬೇಡಿ, ಇಲ್ಲದವರನ್ನು ಸೇರಿಸಬೇಡಿ. ಪರಿಚಯ ಎಷ್ಟಿದೆಯೋ ಅಷ್ಟೇ ಅಳತೆ ಕೊಡಿ. ಯಾರನ್ನಾದರೂ ‘ಅಣ್ಣ’ ಎನ್ನುವ ಮೊದಲು ಅವನ ಮನೆಯ ಚಾ ಒಮ್ಮೆ ಕುಡಿದು ಬನ್ನಿ.

ನಾನಿನ್ನೂ ಕಾಯುತ್ತಿದ್ದೇನೆ.