ಇಂಚರಳ ನಡುವಿನ ಖಾನೆ

ಬೇರೆಯವರ ಮಕ್ಕಳ ಹೆಸರು ಕೇಳಿ ನಗುವುದೂ ಒಂದು ಚಟ. ವೈದ್ಯರು ಇದನ್ನು ಬಿಡಿ ಎಂದು ಹೇಳುವುದಿಲ್ಲವಾದ್ದರಿಂದ ನಾನೂ ಬಿಟ್ಟಿರಲಿಲ್ಲ. ಮೈಸೂರಿನ ಯಾದವಗಿರಿಯ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ಅದು ಹಾಜರಿ ಪುಸ್ತಕದಿಂದ ಅಂಟಿಕೊಂಡದ್ದು. ಜೂನ್ ತಿಂಗಳಲ್ಲಿ ಹೊಸ ಪುಸ್ತಕ ಕೈಗೆ ಬಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಕುಳಿತು ಒಂದೊಂದೇ ಹೆಸರು ಓದುವುದು, ಪಕ್ಕದವರಿಗೆ ತೋರಿಸುವುದು, "ಅಪ್ಪ ಅಮ್ಮ ಏನ್ ಯೋಚ್ನೆ ಮಾಡಿ ಇಟ್ರೋ ಪಾಪ" ಎಂದು ತಲೆಯಾಡಿಸುವುದು. ಈ ವರ್ಷ ಒಂಬತ್ತನೇ ತರಗತಿಯಲ್ಲಿ ಚಿಕ್ಕತಾಯಮ್ಮ ಎಂಬ ಹುಡುಗಿ ಸಿಕ್ಕಳು. "ಏನಮ್ಮ, ಅಜ್ಜಿ ಹೆಸರು ನಿನ್ನ ಪಾಲಿಗೆ ಬಂತಾ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮರುದಿನ ಅವಳು ನನ್ನ ಮೇಜಿನ ಬಳಿ ಬಂದು, "ಸಾರ್, ಹಾಜರಿ ಕೂಗುವಾಗ ನನ್ನ ಸಿ.ಟಿ. ಅಂತ ಕರೀರಿ ಸಾರ್" ಎಂದಳು. ಜಾಣೆ ಎಂದುಕೊಂಡೆ. ಅಂದಿನಿಂದ ಅವಳು ಸಿ.ಟಿ. ಇದನ್ನು ಮನೆಯಲ್ಲಿ ಊಟಕ್ಕೆ ಕುಳಿತಾಗ ತಮಾಷೆಯೆಂದು ಹೇಳಿದೆ. ನನ್ನ ಹೆಂಡತಿ ವಸುಧಾ ನಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿರಬೇಕು ಎಂದುಕೊಂಡೆ.

ಇಂಥವನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಹೆಣ್ಣುಮಗು ಹುಟ್ಟಿತು. ಮುಂಚೆ ಎರಡು ಸಲ ಆಸೆ ಚಿಗುರಿ, ಎರಡು ಸಲವೂ ಐದನೇ ತಿಂಗಳಿಗೇ ಕೈಬಿಟ್ಟು ಹೋಗಿತ್ತು. ಹಾಗಾಗಿ ಈ ಮಗು ಮೂರು ತಿಂಗಳು ತುಂಬಿ ಗುಂಡುಗುಂಡಾಗಿದ್ದರೂ ವಸುಧಾಗೆ ನಂಬಿಕೆಯಿಲ್ಲ. ಮಲಗಿದ್ದಾಗಲೆಲ್ಲ ಹೋಗಿ ಅದರ ಮೂಗಿನ ಕೆಳಗೆ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ನೋಡುತ್ತಾಳೆ. ನಾನು ಅದನ್ನು ಕಂಡು ನಗುತ್ತೇನೆ. ಅವಳು ಸ್ನಾನಕ್ಕೆ ಹೋದಾಗ ನಾನೂ ಬೆರಳಿಟ್ಟು ನೋಡುತ್ತೇನೆ.

ಇಂಚರ ಎಂಬ ಹೆಸರಿಗೆ ಯಾರ ತಕರಾರೂ ಇರಲಿಲ್ಲ. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಅರ್ಜಿಯಲ್ಲಿ ಮೂರು ಖಾನೆ ಇದ್ದವು. ಮೊದಲನೆಯದಕ್ಕೆ ಇಂಚರ, ಕೊನೆಯದಕ್ಕೆ ಕುಮಾರ್ ಎಂಬ ನನ್ನ ಹೆಸರು. ನಡುವಿನದನ್ನು ಖಾಲಿ ಬಿಡೋಣವೆಂದೆ. "ಬೇಡ ರೀ" ಎಂದಳು ವಸುಧಾ. "ಇಂಚರ ಅನ್ನೋದು ತೀರಾ ಹಗುರ. ಗಾಳಿ ಬೀಸಿದ್ರೆ ಹಾರ್ಹೋಗೋ ಹಂಗಿದೆ. ಮಧ್ಯೆ ಒಂದು ಗಟ್ಟಿ ಹೆಸರು ಬೇಕು, ಅವಳನ್ನ ಹಿಡ್ಕೊಂಡು ಕೂರೋ ಅಂಥದ್ದು." ಅವಳು ಹೆಸರಿನ ಮಾತಾಡುತ್ತಿಲ್ಲ, ಹೆದರಿಕೆಯ ಮಾತಾಡುತ್ತಿದ್ದಾಳೆ ಎಂದು ನನಗೂ ಗೊತ್ತಾಯಿತು. ಸರಿ, ಹುಡುಕೋಣ ಎಂದೆ.

ಹೆಸರನ್ನು ಬರೆದು ನೋಡಿದರೆ ಸಾಲದು, ಕೂಗಿ ನೋಡಬೇಕು ಎಂಬುದು ನನ್ನ ಸಿದ್ಧಾಂತ. ಬೆಳಿಗ್ಗೆ ವರಾಂಡದಲ್ಲಿ ನಿಂತು, ಹಾಜರಿ ಕೂಗುವ ಗಂಟಲಿನಲ್ಲಿ ಶುರುಮಾಡಿದೆ. "ಇಂಚರ ಮೇಘನಾ ಕುಮಾರ್!" ನನ್ನ ತರಗತಿಯ ಮೂರು ಮೇಘನಾಗಳು ಒಟ್ಟಿಗೆ ಎದ್ದು ನಿಂತ ಹಾಗಾಯಿತು. "ಇಂಚರ ಚಿನ್ಮಯಿ ಕುಮಾರ್!" ನಾಲಿಗೆ ತೊಡರಿತು. ಅತ್ತೆಯವರು ನಂಜನಗೂಡಿನಿಂದ ಫೋನು ಮಾಡಿ ಸರಸ್ವತಿ ಎಂದು ಸೂಚಿಸಿದ್ದರು, ಅದನ್ನೂ ಕೂಗಿದೆ. ಎದುರು ಮನೆಯ ಸರಸ್ವತಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನವರೆಗೆ ಬಂದು, "ಕರುದ್ರಾ ಸಾರ್?" ಎಂದರು. ಇಲ್ಲ ಎಂದರೆ ಬೇಸರಪಟ್ಟುಕೊಂಡಾರೆಂದು ಒಂದು ಹಿಡಿ ಕರಿಬೇವು ಕೇಳಿ ಇಸಿದುಕೊಂಡೆ. ವಾರವಿಡೀ ಹೀಗೇ ನಡೆದು ಮನೆಯಲ್ಲಿ ಕರಿಬೇವು ಸೇರಿತು, ಹೆಸರು ಸೇರಲಿಲ್ಲ.

ನಮ್ಮ ಹಳೇ ಮೈಸೂರಿನವರಿಗೆ ನಡುಹೆಸರಿನ ತಾಪತ್ರಯವೇ ಇರಲಿಲ್ಲ ನೋಡಿ. ನಮಗೆ ಇನಿಷಿಯಲ್ ಇತ್ತು. ಊರು, ಅಪ್ಪ, ಎಲ್ಲವನ್ನೂ ಎರಡು ಇಂಗ್ಲಿಷ್ ಅಕ್ಷರದ ಹಿಂದೆ ಕೂರಿಸಿ ಆರಾಮಾಗಿ ಓಡಾಡುತ್ತಿದ್ದೆವು. ನಾನು ಎಂ. ಸಿ. ಕುಮಾರ್. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಎಂ. ಅಂದರೆ ಮೈಸೂರು ಎನ್ನುತ್ತಿದ್ದೆ. ನಮ್ಮೂರ ಪಕ್ಕ ನಿಲ್ದಾಣವಾಗಿ ವಿಮಾನ ಇಳಿಯತೊಡಗಿದ ಮೇಲೆ ಮಂಡಕಳ್ಳಿ ಎಂದು ನಿಜ ಹೇಳುವ ಧೈರ್ಯ ಬಂತು. ಸಿ. ವಿಷಯಕ್ಕೆ ಬಂದರೆ ಇವತ್ತಿಗೂ ಮಾತು ಬದಲಿಸುತ್ತೇನೆ. ಅಮ್ಮನ ಹೆಸರಿಗಂತೂ ನನ್ನ ಮದುವೆಯ ಕರೆಯೋಲೆಯಲ್ಲಿ 'ಶ್ರೀಮತಿ ತ್ರಿಪುರಾಂಬ' ಎಂದು ಅಚ್ಚು ಹಾಕಿಸಿಬಿಟ್ಟೆ. ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿ, "ಯಾರಪ್ಪ ಇವ್ಳು?" ಎಂದು ಕೇಳಿದ್ದಳು. ಅವಳ ಹೆಸರು ತಿಪ್ಪಮ್ಮ.

ಭಾನುವಾರ ಅಮ್ಮ ಕಾಲು ನೀಡಿ ಕುಳಿತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಖಾಲಿ ಅರ್ಜಿ ಹಿಡಿದು ನಿಂತಿದ್ದ ನಾನು, ಹೇಗೂ ಒಪ್ಪುವುದಿಲ್ಲವೆಂಬ ಧೈರ್ಯದ ಮೇಲೆ, "ನಿನ್ನ ಹೆಸರೇ ಇಟ್ಬುಡೋಣ್ವೇನಮ್ಮ?" ಎಂದೆ.

"ಥೂ, ಬುಡಪ್ಪ!" ಎಂದಳು. "ಆ ಹೆಸ್ರ ಮಗೀಗ್ಯಾಕೆ? ನಾನ್ ಅನುಭವ್ಸಿದ್ದೇ ಸಾಕು. ಇಸ್ಕೂಲಲ್ಲಿ ಮೇಷ್ಟ್ರು ನನ್ ಹೆಸ್ರು ಕೂಗೋಕ್ ಮುಂಚೆ ಮೂಗ್ ಮುಚ್ಕೊಳ್ಳೋರು. ಎಲ್ಲಾ ನಗೋರು. ಮೂರ್ನೇ ಕ್ಲಾಸಿಗೇ ಬುಟ್ಬುಟ್ಟೆ."

ಅಮ್ಮ ಓದು ಬಿಟ್ಟದ್ದು ದನ ಕಾಯಲಿಕ್ಕೆ ಎಂದು ನಾನು ನಲವತ್ತು ವರ್ಷ ನಂಬಿದ್ದೆ.

ಬಟ್ಟೆ ಮಡಚುತ್ತಿದ್ದ ವಸುಧಾ ಹತ್ತಿರ ಬಂದು ಕುಳಿತಳು. "ಆ ಹೆಸರು ಯಾಕೆ ಇಟ್ರು ಅತ್ತೆ?"

"ನಮ್ಮವ್ವಂಗೆ ನನ್ಗಿಂತ ಮುಂಚೆ ಮೂರು ಹೋಗಿದ್ವು ಕಣಮ್ಮ. ಇದಾದ್ರೂ ಉಳ್ಕಳ್ಳಿ ಅಂತ, ನಾನ್ ಹುಟ್ಟಿದ್ ದಿನ್ವೇ ತಿಪ್ಪೆ ಮೇಲೆ ಮಲಗ್ಸಿ, ಇದು ನಮ್ದಲ್ಲ, ತಿಪ್ಪೇಲಿ ಸಿಕ್ತು ಅಂತ ಎತ್ಕೊಂಡ್ ಬಂದ್ರಂತೆ. ಯಾರ್ಗೂ ಬ್ಯಾಡ್ದಿರೋ ಕೂಸು ಅಂದ್ರೆ ಜವರಾಯ ಕಣ್ಣೆತ್ತೂ ನೋಡಕಿಲ್ವಂತೆ." ಅಮ್ಮ ಮಗುವಿನ ಹೊಟ್ಟೆಗೆ ಎಣ್ಣೆ ಸವರಿದಳು. "ನಂಗೀಗ ಎಪ್ಪತ್ತಾರು. ಇನ್ನೂ ನೋಡಿಲ್ಲ ಬಡ್ಡಿಮಗ."

ವಸುಧಾ ನಗುತ್ತಲೇ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಬರೀರಿ" ಎಂದಳು.

"ಇಂಚರ ತಿಪ್ಪಮ್ಮ ಕುಮಾರ್?" ಎಂದೆ. "ನಾಳೆ ಶಾಲೆಯಲ್ಲಿ ಯಾವನೋ ಮೇಷ್ಟ್ರು ನಗ್ತಾನೆ ಕಣೇ."

"ಯಾವ ಮೇಷ್ಟ್ರು ರೀ?" ಎಂದಳು. ಬರೀ ಟಿ. ಎಂದು ಬರೆದರೆ ಹೇಗೆ ಎಂದು ಮೆಲ್ಲಗೆ ಕೇಳಿದೆ. "ಪೂರ್ತಿ ಬರೀರಿ. ಅತ್ತೇನ ಉಳಿಸಿದ ಹೆಸರು, ಇವಳನ್ನೂ ಹಿಡ್ಕೊಳ್ಳುತ್ತೆ."

ಅಮ್ಮ ಬ್ಯಾಡ ಬ್ಯಾಡ ಎಂದು ಎಣ್ಣೆಗೈಯನ್ನೇ ಆಡಿಸಿದಳು. ಆದರೆ ನಾನು ಬರೆದು ಮುಗಿಸಿದ ಮೇಲೆ, "ಎಲ್ಲಿ, ವರಾಂಡದಲ್ಲಿ ಕೂಗ್ತಿದ್ಯಲ್ಲ, ಅಂಗೇ ಒಂದಪ ಕೂಗು ನೋಡಾನ" ಎಂದಳು. ಕೂಗಿದೆ. ನಡುವಿನ ಹೆಸರಿಗೆ ಬರುವಷ್ಟರಲ್ಲಿ ದನಿ ತಾನಾಗಿ ಇಳಿಯಿತು. "ಕೇಳುಸ್ನಿಲ್ಲ" ಎಂದಳು ವಸುಧಾ, ಅಮ್ಮನ ಧಾಟಿಯಲ್ಲೇ. ಮತ್ತೆ ಕೂಗಿದೆ. ಮೂರನೇ ಸಲ ಮೂರು ಹೆಸರೂ ಒಂದೇ ಎತ್ತರದಲ್ಲಿ ಬಂದವು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಹಗುರಾದ ಇಂಚರಳಿಗೆ ಕೂರಲು ಒಂದು ಜಗಲಿ ಸಿಕ್ಕ ಹಾಗಿತ್ತು.

ಅಮ್ಮ ಮಗುವಿನ ಕೈಯನ್ನು ಮೇಲೆತ್ತಿ ಹಿಡಿದು, "ಬಂದಿವ್ನಿ ಮೇಷ್ಟ್ರೆ!" ಎಂದಳು. ಆಮೇಲೆ ಯಾಕೋ ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಎಣ್ಣೆ ಸಿಡಿಯಿತು ಎಂದಳು.

ಸೋಮವಾರ ಅರ್ಜಿ ಕೊಟ್ಟು ಶಾಲೆಗೆ ಹೋದೆ. ಹಾಜರಿ ಪುಸ್ತಕ ತೆರೆದು, ಎಲ್ಲರ ಹೆಸರಿನ ಎತ್ತರದಲ್ಲೇ "ಚಿಕ್ಕತಾಯಮ್ಮ" ಎಂದು ಕೂಗಿದೆ. ತರಗತಿ ನಗಲು ಬಾಯಿ ತೆರೆಯಿತು. ನಾನು ನಗಲಿಲ್ಲವಾದ್ದರಿಂದ ಹಾಗೇ ಮುಚ್ಚಿಕೊಂಡಿತು.

ಹುಡುಗಿ ಎದ್ದು ನಿಂತಳು. "ಸಾರ್, ಸಿ.ಟಿ. ಅಂತ..."

"ಪೂರ್ತಿ ಹೆಸರು ಚೆನ್ನಾಗಿದೆಯಮ್ಮ. ಅವತ್ತು ನಾನು ನಕ್ಕಿದ್ದು ತಪ್ಪು."

ಅವಳು ಕೂರಲಿಲ್ಲ. "ಹಂಗಾದ್ರೆ ನಿಮ್ಮ ಎಂ.ಸಿ. ಅಂದ್ರೆ ಏನು ಸಾರ್?"

ಮಾತು ಬದಲಿಸಲು ದಾರಿ ಹುಡುಕಿದೆ, ಸಿಗಲಿಲ್ಲ. ಅರ್ಧ ಬೋರ್ಡು ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದೆ: ಮಂಡಕಳ್ಳಿ ಚಿಕ್ಕತಿಮ್ಮಯ್ಯ ಕುಮಾರ್. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಗದವಳು ಒಬ್ಬಳೇ.

"ಚೆನ್ನಾಗೇ ಇದ್ಯಲ್ಲ ಸಾರ್" ಎಂದಳು ಚಿಕ್ಕತಾಯಮ್ಮ. "ಯಾಕ್ ಮುಚ್ಚಿಟ್ಕೊಂಡಿದ್ರಿ?"