ಬೆರಳು ಸಹಿತ ಅಂಗೀಕೃತ

ನಮ್ಮ ಕಿರುಗೊಂಬೆ ಸಂಘದ ನಿಯಮಾವಳಿಯ ಪ್ರಕಾರ, ಗೊಂಬೆ ತೋಳದ ಮೇಲೆ ಕೂರದ ಗೊಂಬೆ ಸವಾರನನ್ನು ಸವಾರನೆಂದು ಕರೆಯುವಂತಿಲ್ಲ. ಅಂಥವನನ್ನು ಕಾಲಾಳು ಎಂದು ದಾಖಲಿಸಿ, ವಾರ್ಷಿಕ ಪ್ರದರ್ಶನದಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕದ ಮೇಜಿನ ಮೇಲೆ ಇಡತಕ್ಕದ್ದು.

ಇದರಿಂದ ಈವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ಈ ವರ್ಷ ದರ್ಜಿ ಅಕ್ಕ ತನ್ನ ತಮ್ಮನ ಸವಾರನನ್ನು ತಂದಳು.

ತಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಹೆಬ್ಬೆರಳುದ್ದದ ಆ ಯೋಧನಿಗೆ ಮೀಸೆಯವರೆಗೂ ಬಣ್ಣ ಹಚ್ಚಿ, ಪ್ರದರ್ಶನಕ್ಕೆ ಹೆಸರು ಕೊಟ್ಟು ಹೋಗಿದ್ದ. ಅವನು ಬಯಸಿದ್ದ ಸಪೂರ ತೋಳದ ಅಚ್ಚು ಅಷ್ಟರಲ್ಲಿ ನಿಂತುಹೋಗಿತ್ತು. ಈಗ ಸಿಗುವುದು ಅಗಲ ಬೆನ್ನಿನದು. ಅದರ ಮೇಲೆ ಸವಾರ ಕುಂಬಳಕಾಯಿಯ ಮೇಲಿಟ್ಟ ಇಕ್ಕಳದಂತೆ ಕಾಣುತ್ತಿದ್ದ.

"ತೊಡೆ ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಅಗಲ ಮಾಡೋದು ನನಗೇನು ಹೊಸದಾ?" ಎಂದ ಅಕ್ಕ, ಸಣ್ಣ ಗರಗಸದಿಂದ ಅವನ ಎರಡೂ ತೊಡೆ ಕೊಯ್ದು, ಕಾಲುಗಳನ್ನು ತೋಳದ ಪಕ್ಕೆಗೆ ಹೊಂದಿಸಿ, ತೊಡೆಯೊಳಗೆ ತಂತಿ ತೂರಿಸಿ, ಕೊಯ್ದ ಸಂದಿಗೆ ಅಂಟುಮಣ್ಣು ತುಂಬಿದಳು.

ಪರಿಶೀಲನೆಗೆ ಅಳತೆಗಾರರು ಬಂದರು. ಸವಾರನಿಗೂ ತೋಳಕ್ಕೂ ನಡುವೆ ಕಾಗದದ ಚೂರು ತೂರಿಸಿ ನೋಡುವುದರಿಂದ ಅವರು ಎಲ್ಲರಿಗೂ ಕಾಗದ ಮಾಮ. ಕಾಗದ ತೂರಲಿಲ್ಲ. ಮಾಮ ತಲೆದೂಗಿ ಕೈ ಬಿಟ್ಟರು. ಸವಾರ ಮಗುಚಿಬಿದ್ದ. ತಮ್ಮ ಅವನ ಕೈಗೆ ಕೊಟ್ಟಿದ್ದ ಕತ್ತಿ ಅವನಿಗಿಂತ ಭಾರವಾಗಿತ್ತು.

ಅಂಟಿಸಿದ್ದರೆ ನಿಲ್ಲುತ್ತಿದ್ದ. ಆದರೆ ಪರಿಶೀಲನೆಗೆ ಮುನ್ನ ಅಂಟಿಸಿದರೆ ಅಳತೆ ನೋಡಲಾಗದು. ನಂತರ ಅಂಟಿಸಿದರೆ ಅದು ತಿದ್ದುಪಡಿ. ಹಾಗಾದರೆ ಉಳಿದವರ ಸವಾರರು ಹೇಗೆ ಕೂತಿದ್ದಾರೆಂದು ಅಕ್ಕ ಕೇಳಿದಳು. ಅವರು ಸ್ವಭಾವತಃ ಕೂರುವವರು ಎಂದು ಕಾರ್ಯದರ್ಶಿಗಳು ತಿಳಿಸಿದರು. ಕಾರ್ಯದರ್ಶಿಗಳ ಸ್ವಂತ ಸವಾರನಿಂದ ಗೋಂದಿನ ವಾಸನೆ ಬರುತ್ತಿತ್ತು. ವಾಸನೆಯ ಬಗ್ಗೆ ನಿಯಮವಿಲ್ಲ.

"ಕತ್ತಿ ತೆಗೆದುಬಿಡಮ್ಮ," ಎಂದರು ಮಾಮ.

"ಅದು ಅವನು ಕೊಟ್ಟಿದ್ದು, ಮಾಮ. ಬೇಕಾದ್ರೆ ತೊಡೆ ಇನ್ನೊಂದ್ಸಲ ಕೊಯ್ತೀನಿ."

ಮಾಮ ಸವಾರನನ್ನು ಎತ್ತಿ ಕೂರಿಸಿ, ಬೆನ್ನಿಗೆ ಎಡಗೈಯ ತೋರುಬೆರಳು ಕೊಟ್ಟು, ಬಲಗೈಯಲ್ಲಿ ಷರಾ ಬರೆದರು: ಕೂತಿದ್ದಾನೆ.

ಕಾರ್ಯದರ್ಶಿಗಳು ನಿಯಮಾವಳಿಯನ್ನು ಎರಡು ಸಲ ಓದಿದರು. ಬೆರಳನ್ನು ನಿಷೇಧಿಸುವ ಸಾಲು ಸಿಗಲಿಲ್ಲ. ಅಂಗೀಕಾರವಾದ ಸ್ಥಿತಿಯಲ್ಲೇ ಪ್ರದರ್ಶಿಸಬೇಕೆಂಬ ಸಾಲು ಸಿಕ್ಕಿತು. "ಬೆರಳು ಸಹಿತ ಅಂಗೀಕೃತ" ಎಂದು ಮೊಹರು ಬಿತ್ತು.

ಅದರಂತೆ ಮಾಮ ಮೂರು ದಿನ ಮೇಜಿನ ಹಿಂದೆ ಬೆರಳು ಕೊಟ್ಟು ನಿಂತರು. ಊಟದ ಹೊತ್ತಿಗೆ, ಲಿಖಿತ ಹಸ್ತಾಂತರದ ಮೇಲೆ, ಅಕ್ಕ ಹಿಡಿದಳು. ಕೆಳಗಿನ ಚೀಟಿಯಲ್ಲಿ ತಮ್ಮನ ಹೆಸರಿತ್ತು, ಅದರ ಕೆಳಗೆ "ತೋಳಸವಾರ" ಎಂದಿತ್ತು. ಅಕ್ಕ ಅದನ್ನು ದಿನಕ್ಕೆ ಹಲವು ಸಲ ಓದುತ್ತಿದ್ದಳು. ನೋಡುಗರೊಬ್ಬರು ಅಭಿಪ್ರಾಯ ಪುಸ್ತಕದಲ್ಲಿ, ಸವಾರನಿಗಿಂತ ಬೆರಳಿನ ಬಣ್ಣಗಾರಿಕೆಯೇ ಸಹಜವಾಗಿದೆ ಎಂದು ಬರೆದರು.

ಈಗ ಅರ್ಜಿ ನಮೂನೆಯಲ್ಲಿ ಹೊಸ ಕಲಂ ಸೇರಿದೆ: ಆಧಾರ ಬೆರಳು ಯಾರದು? ಸದಸ್ಯರೆಲ್ಲ ತಕರಾರಿಲ್ಲದೆ ತುಂಬುತ್ತಿದ್ದಾರೆ; ಕಾರ್ಯದರ್ಶಿಗಳು ತಮ್ಮ ಭಾವಮೈದುನನ ಬೆರಳು ಬರೆದಿದ್ದಾರೆ. ಮುಂದಿನ ವರ್ಷಕ್ಕೆ ಮೊದಲ ಅರ್ಜಿ ದರ್ಜಿ ಅಕ್ಕನದೇ. ಅದೇ ಸವಾರ, ಅದೇ ತೋಳ, ಅದೇ ಕತ್ತಿ. ಹೊಸ ಕಲಂನಲ್ಲಿ "ಅಕ್ಕನದು" ಎಂದಿದೆ.

ಅರ್ಜಿ ಅಂಗೀಕಾರವಾಗಿದೆ. ಉಗುರು ಕತ್ತರಿಸಿಕೊಂಡು ಬರತಕ್ಕದ್ದು ಎಂದು ಷರಾ ಇದೆ.