ಮಾಡಿದಾವ ಯಾರೋ ಗೊತ್ತಿಲ್ಲ

ಹೊಸ ಆಪರೇಟಿಂಗ್ ಸಿಸ್ಟಮ್ ಬಂತು ಅಂದ್ರ ಊರಿಗೆಲ್ಲ ಹುರುಪು, ನಮ್ಮಂಥ ಸಣ್ಣ ಸಾಫ್ಟ್‌ವೇರ್ ಮಂದಿಗೆ ಮಾತ್ರ ತಲಿಬ್ಯಾನಿ. ನಿನ್ನಿತನಕ ಸುಮ್ಮನ ನಡೀತಿದ್ದ ಪ್ರೋಗ್ರಾಮ್ ಇವತ್ತು ಏನು ಮಾಡತೈತೋ ಹೇಳಾಕಾಗಲ್ಲ. ನಾನು ಆದೋನಿಯಾಗ ಹತ್ತಿ ಮಂಡಿಗಳಿಗೆ ತೂಕದ ಚೀಟಿ ತೆಗಿಯೋ ಪ್ರೋಗ್ರಾಮ್ ಮಾಡಿಕೊಡಾವ.

ಈ ಸಲ ತಲಿಬ್ಯಾನಿ ಇನ್ನೂ ಜಾಸ್ತಿ ಇತ್ತು. ಮದ್ದಿಕೇರದಾಗ ನನಗೊಂದು ಸಂಬಂಧ ನೋಡಿದ್ರು. ಹುಡುಗಿ ಫೋಟೋದಾಗನ ನನಗ ಭಾಳ ಹಿಡಿಸಿದ್ಲು. ಆಕಿ ಅಪ್ಪನೂ ಹತ್ತಿ ವ್ಯಾಪಾರದವರು. "ಹುಡುಗ ಏನು ಮಾಡ್ತಾನ ಅನ್ನಾದು ನಮ್ಮ ಅಂಗಡ್ಯಾಗ ತೋರಿಸ್ಲಿ, ಆಮ್ಯಾಲ ಮಾತು" ಅಂದಿದ್ರು. ಅವರ ಕಂಪ್ಯೂಟರ್ ಹೊಚ್ಚ ಹೊಸದು, ಸಿಸ್ಟಮ್ಮೂ ಹೊಸದು. ಅದಕ್ಕ ಮೊದಲು ನಮ್ಮ ಕಡೆ ಗಿರಾಕಿಗಳ ಹತ್ರ ಪರೀಕ್ಷೆ ಮಾಡಿ, ತಪ್ಪು ತಿದ್ದಿಕೊಂಡು ಹೋಗಾಣ ಅಂದ್ಕೊಂಡೆ.

ನಿಮ್ಮಪ್ಪ ಗೊತ್ತು

ಮೊದಲು ಫೋನ್ ಮಾಡಿದವರು ಆದೋನಿ ಮಂಡಿ ಸಾವುಕಾರ್ರು. "ಏನಪಾ, ನಿನ್ನ ಪ್ರೋಗ್ರಾಮ್ ತೆಗೆದ್ರ, ಇದನ್ನ ಮಾಡಿದಾವ ಯಾರೋ ಗೊತ್ತಿಲ್ಲ, ನಡಸಿದ್ರ ಅಪಾಯ ಆಗಬಹುದು ಅಂತ ಇಂಗ್ಲಿಷಿನಾಗ ಬರತೈತಿ."

"ಹೊಸ ಸಿಸ್ಟಮ್ ಹಂಗ ಕೇಳತೈತ್ರೀ. ನಾನು ಇಂಥಾವ ಅಂತ ಸರ್ಟಿಫಿಕೆಟ್ ಬರಬೇಕು, ಅರ್ಜಿ ಹಾಕೀನಿ."

ಅವರಿಗೆ ಸಿಟ್ಟು ಬಂತು. "ಗೊತ್ತಿಲ್ಲ ಅಂದ್ರ ಏನು? ನಿಮ್ಮಪ್ಪ ಗೊತ್ತು, ನಿಮ್ಮ ತಾತ ಗೊತ್ತು, ನೀನು ಚಡ್ಡಿ ಇಲ್ದ ಈ ಮಂಡ್ಯಾಗ ಹತ್ತಿ ಮ್ಯಾಲ ಹೊಳ್ಳಾಡಿದ್ದು ಗೊತ್ತು. ಎಲ್ಲಿ ಬರೀಬೇಕು ಹೇಳು, ನಾನ ಬರೀತೀನಿ."

ಓಡಬ್ಯಾಡ

ಎರಡನೇದು ಪೆದ್ದಹರಿವಾಣಂ ಹತ್ರದ, ಹತ್ತಿ ಬೀಜ ಬಿಡಿಸೋ ಜಿನ್ನಿಂಗ್ ಮಿಲ್ಲು. ಅಲ್ಲಿಯ ಗುಮಾಸ್ತನಿಗೂ ಅದ ಎಚ್ಚರಿಕೆ ಬಂದಿತ್ತು, ಕೆಳಗ ಪ್ರೋಗ್ರಾಮ್ ನಡಸಬ್ಯಾಡ ಅನ್ನಾಕ 'ಡೋಂಟ್ ರನ್' ಅನ್ನೋ ಬಟನ್ನು. ನಾನು ಮಧ್ಯಾಹ್ನ ಹೋದ್ರ ಹತ್ತಿ ಗಾಡಿ ಗೇಟಿನ ತನಕ ನಿಂತಾವ, ಈತ ಕುರ್ಚಿ ಬಿಟ್ಟು ಎದ್ದಿಲ್ಲ.

"ಏನ್ರೀ ಇದು, ಹಿಂಗ ಕುಂತೀರಿ?"

"ಓಡಬ್ಯಾಡ ಅಂತ ಬರದೈತಲ್ಲಪಾ. ಅಪಾಯ ಅಂತನೂ ಐತಿ."

"ಬೆಳಿಗ್ಗಿಂದ ಒಂದಕ್ಕೂ ಹೋಗಿಲ್ಲೇನ್ರೀ?"

"ಹೋಗಿದ್ದೆ. ಮೆಲ್ಲಕ ನಡಕೊಂತ ಹೋಗಿ ಬಂದೆ."

ಎರಡು ಕಡಿಮಿ

ಎಚ್ಚರಿಕೆ ದಾಟಿಸಿ ಪ್ರೋಗ್ರಾಮ್ ತೆಗೆದುಕೊಟ್ಟೆ. ಆದ್ರ ನಮ್ಮ ಕಡೆ ಚೀಟಿ ತೆಲುಗಿನಾಗ, ಹೊಸ ಸಿಸ್ಟಮ್ಮಿಗೆ ನನ್ನ ತೆಲುಗು ಅಕ್ಷರ ತಿಳೀಲಿಲ್ಲ. ಚೀಟ್ಯಾಗ ರೈತನ ಹೆಸರು ಬರೋ ಜಾಗದಾಗ ಸಾಲಾಗಿ ಖಾಲಿ ಡಬ್ಬಿ ಬಂದ್ವು. ಸಿ. ಬೆಳಗಲ್ ಕಡೆಯ ರೈತನೊಬ್ಬ ಡಬ್ಬಿ ಮ್ಯಾಲ ಬೆರಳಿಟ್ಟು ಎಣಿಸಿ, "ರೆಂಡು ತಕ್ಕುವ ಉನ್ನಾಯಿ" ಅಂತ ಜಗಳಕ್ಕ ನಿಂತ. ಒಂದೊಂದು ಡಬ್ಬಿ ತನ್ನ ಒಂದೊಂದು ಹತ್ತಿ ಚೀಲ ಅಂತ ತಿಳ್ಕಂಡಿದ್ದ, ಎರಡು ಕಡಿಮಿ ಬಿದ್ದಿದ್ವು. ನಾನು ಫಾಂಟು, ಅಪ್‌ಡೇಟು ಅಂತ ಗಂಟಲು ಹರಕೊಂಡೆ. ಗುಮಾಸ್ತ ಚೀಟಿ ಕಸಕೊಂಡು ಪೆನ್ನಿಲೆ ಇನ್ನೆರಡು ಡಬ್ಬಿ ಬರೆದುಕೊಟ್ಟ. ರೈತ ಕೈಮುಗಿದು ಹೋದ.

ಮದ್ದಿಕೇರ

ಅಕ್ಷರ ಸರಿ ಮಾಡ್ಕಂಡೆ. ಸರ್ಟಿಫಿಕೆಟ್ ಮಾತ್ರ ಬರಲಿಲ್ಲ, ಮದ್ದಿಕೇರದವರು ಹೇಳಿದ ದಿನ ಬಂದುಬಿಡ್ತು. ಹೋಗಿ ನೋಡಿದ್ರ ಕಂಪ್ಯೂಟರ್ ಮುಂದ ಹುಡುಗೀನ ಕುಂತಾಳ. ಅಂಗಡಿ ಲೆಕ್ಕವೆಲ್ಲ ಆಕೀದ ಅಂತ. ಪ್ರೋಗ್ರಾಮ್ ಮ್ಯಾಲ ಕ್ಲಿಕ್ ಮಾಡಿದ್ಲು. ಬಂತು ನೋಡ್ರಿ ದರಿದ್ರದ ಎಚ್ಚರಿಕೆ.

ಆಕಿ ಅಪ್ಪ ಕನ್ನಡಕ ಏರಿಸಿ, ಒಂದೊಂದ ಮಾತಿಗೆ ಅರ್ಥ ಹೇಳಿಕೊಂತ ಗಟ್ಟಿಯಾಗಿ ಓದಿದ್ರು. "ಮಾಡಿದಾವ ಯಾರೋ ಗೊತ್ತಿಲ್ಲ. ಅಪಾಯ ಆಗಬಹುದು." ಆಮ್ಯಾಲ ನನ್ನ ಮುಖ ನೋಡಿದ್ರು. ಸಂಬಂಧ ಹೋತು ಅಂದ್ಕೊಂಡೆ.

"ಬಂದ್ ಮಾಡಮ್ಮ" ಅಂದ್ರು.

"ತಡೀರಿ ಅಪ್ಪಾ, ಹೆಚ್ಚಿನ ಮಾಹಿತಿ ಅಂತ ಐತಿ, ಕೇಳಾಣ" ಅಂದು ಆಕಿ ಅದನ್ನ ಒತ್ತಿದ್ಲು. ಅಲ್ಲೂ ಯಾರೋ ಗೊತ್ತಿಲ್ಲ ಅಂತನ ಇತ್ತು. ಆದ್ರ ಕೆಳಗ ಇನ್ನೊಂದು ಬಟನ್ ಬಂತು. ಆಕಿ ನನ್ನ ಕಡೆ ಒಮ್ಮೆ ನೋಡಿ, ಅದನ್ನೂ ಒತ್ತಿಬಿಟ್ಲು.

"ಏನು ಒತ್ತಿದಿ ತಾಯಿ?"

"ಏನಾರ ಆಗ್ಲಿ, ನಡಸು ಅಂತ."

ಪ್ರೋಗ್ರಾಮ್ ನಡೀತು, ಚೀಟಿ ಬಂತು, ಮದುವಿನೂ ಆತು. ಸರ್ಟಿಫಿಕೆಟ್ ಆಮ್ಯಾಲ ಬಂತು, ಈಗ ಯಾವ ಕಂಪ್ಯೂಟರೂ ನನ್ನ ಯಾರು ಅಂತ ಕೇಳಲ್ಲ. ಆದ್ರ ನಾನು ಸಂತಿಗೆ ಹೋಗಿ ಉಳ್ಳಾಗಡ್ಡಿ ಮರೆತು ಬಂದ ದಿನ, ಆಕಿ ಚೀಲ ಜಾಡಿಸಿ ನೋಡಿ ನಮ್ಮವ್ವಗ ಹೇಳ್ತಾಳ: "ಅಪಾಯ ಐತಿ ಅಂತ ಕಂಪ್ಯೂಟರ್ ಮೊದಲ ಹೇಳಿತ್ರೀ ಅತ್ತಿ, ನಾನ ಒತ್ತಿದೆ."